ಹೂಗೋಪುರ ಒಂದೇ ಇರಲಿ

ನಮ್ಮ ಮನೆಯಲ್ಲಿ ಭಾನುವಾರ ಅಣ್ಣನದು, ಗುರುವಾರ ತಮ್ಮನದು. ಅಮ್ಮನನ್ನು ನೋಡಲು ಇಬ್ಬರೂ ತಪ್ಪದೆ ಬರುತ್ತಿದ್ದರು, ಆದರೆ ಒಬ್ಬರ ಜೊತೆ ಇನ್ನೊಬ್ಬರು ಮಾತಾಡಿ ಮೂರು ವರ್ಷವಾಗಿತ್ತು. ಒಮ್ಮೆ ದಿನ ತಪ್ಪಿ ಇಬ್ಬರೂ ಒಂದೇ ಹೊತ್ತಿಗೆ ಬಂದುಬಿಟ್ಟಾಗ, ಕಂಬಗಳ ಮೇಲೆ ನಿಂತ ನಮ್ಮ ಮನೆಯ ಮುಂದಿನ ಏಣಿಯನ್ನು ಅಣ್ಣ ಹತ್ತುವಷ್ಟರಲ್ಲಿ ತಮ್ಮ ಅಡುಗೆಮನೆಯ ಏಣಿಯಿಂದ ಇಳಿದು ಬಾಳೆಗಿಡಗಳ ಸಂದಿಯಲ್ಲಿ ಮಾಯವಾಗಿದ್ದ. ಅವನು ಅರ್ಧ ತಿಂದು ಬಿಟ್ಟಿದ್ದ ಸುಟ್ಟ ಮೀನನ್ನು ಅಣ್ಣ ಕೂತು ಪೂರ್ತಿ ಮಾಡಿದ. ಯಾರ ಎಂಜಲು ಎಂದು ನಾನು ಬಾಯಿ ಬಿಡಲಿಲ್ಲ.

ಕಾರಣ ಕೇಳಿದರೆ ಇಬ್ಬರೂ ರಾಜಕೀಯ ಎನ್ನುತ್ತಿದ್ದರು. ಆಗ ನಮ್ಮ ಲಾವೋಸಿನಲ್ಲಿ ಮೂರು ಬಣಗಳ ಸರ್ಕಾರ. ಒಂದು ಬಣಕ್ಕೆ ಅಮೆರಿಕ ಬೇಕು, ಇನ್ನೊಂದಕ್ಕೆ ರಷ್ಯಾ ಬೇಕು, ನಡುವಿನದಕ್ಕೆ ಇಬ್ಬರೂ ಬೇಕು ಮತ್ತು ಇಬ್ಬರೂ ಬೇಡ. ಹದಿನಾಲ್ಕು ದೇಶಗಳವರು ಜಿನೀವಾದಲ್ಲಿ ಕೂತು, ಲಾವೋಸ್ ಯಾರ ಕಡೆಗೂ ಸೇರಬಾರದು ಎಂದು ಸಹಿ ಹಾಕಿದ್ದರು. ಹಾಗೆ ಸಹಿ ಹಾಕಿದವರೇ ಆಮೇಲೆ ಒಬ್ಬೊಬ್ಬರಾಗಿ ಬಂದು, ಆದರೂ ಒಂಚೂರು ನಮ್ಮ ಕಡೆ ವಾಲಿಕೊಂಡಿರಿ ಎಂದು ಕಿವಿಯಲ್ಲಿ ಹೇಳಿ ಹೋಗುತ್ತಿದ್ದರು. ನಾವು ಎಲ್ಲರಿಗೂ ಆಯಿತು ಎನ್ನುತ್ತಿದ್ದೆವು. ಬಂದವರಿಗೆ ಇಲ್ಲ ಎನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ.

ಅಣ್ಣ ಫೂವಿಯೆಂಗ್ ಸರ್ಕಾರದ ಸಮಾರಂಭಗಳ ಕಚೇರಿಯಲ್ಲಿ ಗುಮಾಸ್ತ. ಯಾರು ಯಾರ ಎಡಕ್ಕೆ ಕೂರಬೇಕು, ಯಾರ ಕಾರು ಮೊದಲು ಬರಬೇಕು ಎಂಬುದೇ ಅವನ ಕೆಲಸ. ಹುಟ್ಟಿದಾಗಿನಿಂದಲೂ ಅವನಿಗೆ ಒಂದೇ ಭಯ, ಯಾರಾದರೂ ನೋಡಿದರೆ ಏನು ತಿಳಿದುಕೊಂಡಾರು ಎಂದು. ತಮ್ಮ ಸೋಮ್‌ಲಿತ್ ಎಡಪಕ್ಷದವರ ಕಡೆ. ಅವರ ಮಂತ್ರಿಗಳೂ ಕಾವಲಿನವರೂ ವಿಯೆಂಟಿಯಾನ್ ನಗರದ ನಟ್ಟನಡುವೆ, ಮಾರ್ಕೆಟ್ಟಿನ ಪಕ್ಕದ ಒಂದು ಕಾಂಪೌಂಡಿನಲ್ಲಿ ಬೀಡುಬಿಟ್ಟಿದ್ದರು. ಗೇಟಿನ ಒಳಗೆ ಅವರ ಸೈನಿಕ, ಹೊರಗೆ ರಾಜನ ಪೊಲೀಸು. ಇವನ ಬೀಡಿಗೆ ಅವನು ಬೆಂಕಿ ಕೊಡುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಅಷ್ಟು ಬುದ್ಧಿ ನಮ್ಮ ಮನೆಯ ಗಂಡಸರಿಗೆ ಇರಲಿಲ್ಲ.

ಇವರಿಬ್ಬರ ನಡುವೆ ಹುಟ್ಟಿದವಳು ನಾನು, ಕೆವ್‌ಮಣಿ. ಬಾಸಿ ಎಂಬ ಶಾಸ್ತ್ರಕ್ಕೆ ಹೂಗೋಪುರ ಕಟ್ಟುವುದು ನನ್ನ ಕೆಲಸ. ಮನುಷ್ಯನ ಮೈಯಲ್ಲಿ ಮೂವತ್ತೆರಡು ಪ್ರಾಣಗಳಿವೆ. ಅವು ಭಯಕ್ಕೋ ಆಸೆಗೋ ಆಗಾಗ ಮೈಬಿಟ್ಟು ಅಲೆಯಲು ಹೋಗುತ್ತವೆ. ಮದುವೆಯಾಗಲಿ, ಕಾಯಿಲೆಯಾಗಲಿ, ದೂರದ ಪ್ರಯಾಣವಾಗಲಿ, ಅವನ್ನೆಲ್ಲ ವಾಪಸು ಕರೆದು ಮಣಿಕಟ್ಟಿಗೆ ಬಿಳಿ ನೂಲು ಕಟ್ಟಿ ನಿಲ್ಲಿಸಿಕೊಳ್ಳುವುದೇ ಬಾಸಿ. ನೂಲು ಮೂರು ದಿನ ಕೈಯಲ್ಲಿರಬೇಕು. ಅದನ್ನು ಕತ್ತರಿಸಬಾರದು, ಹರಿಯಬಾರದು. ಬಾಳೆಯೆಲೆಯನ್ನು ಸುತ್ತಿ, ಚೆಂಡುಹೂವು ಪೋಣಿಸಿ, ಬೆಳ್ಳಿ ಬಟ್ಟಲಿನ ಮೇಲೆ ಗೋಪುರ ಏರಿಸಿ, ಅದರಲ್ಲಿ ನೂಲು ಇಳಿಬಿಟ್ಟರೆ ಪ್ರಾಣಗಳಿಗೆ ದಾರಿ ಕಾಣುತ್ತದೆ.

ಅಂದು ಗುರುವಾರ ತಮ್ಮ ಬಂದವನು ಏಣಿಯ ಕೊನೆಯ ಮೆಟ್ಟಿಲ ಮೇಲೇ ಕೂತುಬಿಟ್ಟ.

"ಅಮ್ಮಾ, ಮಂಗಳವಾರ ನನ್ನನ್ನ ಉತ್ತರದ ಬೆಟ್ಟಕ್ಕೆ ಕಳಿಸ್ತಾರೆ."

"ಯಾವಾಗ ಬರ್ತೀಯ?"

"ಅದನ್ನ ಹೇಳಿಲ್ಲ."

ಅಮ್ಮ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬಂದಳು. "ಹೋಗೋ ಮುಂಚೆ ನೂಲು ಕಟ್ತೀನಿ. ನಿನಗೂ ನಿಮ್ಮಣ್ಣಂಗೂ ಒಟ್ಟಿಗೆ, ಒಂದೇ ಹೂಗೋಪುರದ ಮುಂದೆ. ನನಗೆ ಎಪ್ಪತ್ತಾಯ್ತು. ನೀನು ಬರೋ ಹೊತ್ತಿಗೆ ನಾನಿರ್ತೀನೋ ಇಲ್ವೋ."

"ಅವನು ಬರಲ್ಲಮ್ಮ. ಬಂದ್ರೂ ನಾನು ಕೂರಂಗಿಲ್ಲ. ನಮ್ಮ ಸಮಿತಿಯೋರು ಕೇಳ್ತಾರೆ."

"ನಿಮ್ಮ ಸಮಿತಿಯೋರನ್ನ ಅವರಮ್ಮಂದಿರು ಹೆತ್ತಿಲ್ವಾ?" ಎಂದಳು ಅಮ್ಮ.

ಮರುದಿನ ಶುಕ್ರವಾರ, ತನ್ನ ವಾರವಲ್ಲದಿದ್ದರೂ, ಅಣ್ಣ ಬೆವರು ಸುರಿಸಿಕೊಂಡು ಬಂದ. ಸೋಮವಾರ ಹೊಸ ಹೆರಿಗೆ ಆಸ್ಪತ್ರೆಯ ಉದ್ಘಾಟನೆಗೆ ಬಾಸಿ ಇಟ್ಟಿದ್ದರು. ಆ ಆಸ್ಪತ್ರೆಗೆ ಅಮೆರಿಕದವರು ಸಿಮೆಂಟು ಕೊಟ್ಟಿದ್ದರು, ರಷ್ಯಾದವರು ಮಂಚ ಕೊಟ್ಟಿದ್ದರು. ಮಂಚಗಳು ಬಾಗಿಲಲ್ಲಿ ಹೋಗಲಿಲ್ಲ. ಮಂಚ ಅಗಲವಾಯಿತು ಎಂದು ಇವರು, ಬಾಗಿಲು ಇಕ್ಕಟ್ಟಾಯಿತು ಎಂದು ಅವರು, ಒಂದು ತಿಂಗಳು ಕಾಗದ ಬರೆದುಕೊಂಡರು. ಕೊನೆಗೆ ಇಬ್ಬರೂ ಊಟಕ್ಕೆ ಹೋದ ಒಂದು ಮಧ್ಯಾಹ್ನ ನಮ್ಮ ಬಡಗಿ ಚೌಕಟ್ಟು ಬಿಚ್ಚಿ, ಮಂಚ ಒಳಗೆ ಸೇರಿಸಿ, ಚೌಕಟ್ಟನ್ನು ಮತ್ತೆ ಕೂರಿಸಿಬಿಟ್ಟ. ತಾವೇ ಗೆದ್ದೆವು ಎಂದು ಎರಡೂ ಕಡೆಯವರು ತಮ್ಮ ರಾಜಧಾನಿಗೆ ತಿಳಿಸಿದರಂತೆ.

"ಎರಡು ಹೂಗೋಪುರ ಬೇಕು ಕೆವ್‌ಮಣಿ," ಎಂದ ಅಣ್ಣ. "ಒಂದು ಅಮೆರಿಕದವರಿಗೆ, ಇನ್ನೊಂದು ರಷ್ಯಾದವರಿಗೆ. ಎರಡೂ ಒಂದೇ ಎತ್ತರ ಇರ್ಬೇಕು. ಒಂದು ಬೆರಳು ಹೆಚ್ಚುಕಮ್ಮಿ ಆದ್ರೂ ನನ್ನ ಕೆಲಸ ಹೋಗುತ್ತೆ."

"ಅಳತೆಪಟ್ಟಿ ತಂದಿದೀಯಾ?"

ಅವನು ನಿಜವಾಗಿಯೂ ತಂದಿದ್ದ.

ಆ ಬಾಸಿಗೆ ಎಡಪಕ್ಷದವರ ಪರವಾಗಿ ಯಾರು ಬರುತ್ತಾರೆ ಎಂದು ಕೇಳಿದೆ. ಅವನು ಚಾವಣಿ ನೋಡಿಕೊಂಡು, "ಇದಾನಲ್ಲ, ಅವನೇ," ಎಂದ. ಒಳಗಿಂದ ಅಮ್ಮ ಬಂದು ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ. ಅಣ್ಣ ತಮ್ಮ ಇಬ್ಬರೂ ಇರಲೇಬೇಕಾದ ಜಾಗ ಈ ಭೂಮಿಯ ಮೇಲೆ ಅದೊಂದೇ. ಆದರೆ ಹೂಗೋಪುರ ಎರಡಾದರೆ ಒಬ್ಬ ಇತ್ತ ಕೂರುತ್ತಾನೆ, ಇನ್ನೊಬ್ಬ ಅತ್ತ ಕೂರುತ್ತಾನೆ, ಅಮ್ಮನ ಆಸೆ ನಡುವೆ ಬಿದ್ದು ಹೋಗುತ್ತದೆ.

"ಒಂದೇ ಸಾಕು," ಎಂದಳು ಅಮ್ಮ.

"ಅಮ್ಮಾ, ಇದು ಅಂತರರಾಷ್ಟ್ರೀಯ ವಿಷಯ."

"ಆಗ್ಲಿ. ಒಂದೇ ಸಾಕು."

ಅಣ್ಣ ಅಳತೆಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ಅಮ್ಮನಿಗೆ ನಮಸ್ಕಾರ ಹೇಳಿ, ಇಳಿದು ಹೋದ. ಅವನಿಗೆ ಹೇಳಿ ಪ್ರಯೋಜನವಿರಲಿಲ್ಲ. ಅವನ ಮೇಲಿನವರ ಮೇಲಿನವರಿಗೇ ಹೇಳಬೇಕಿತ್ತು.

ಅದು ನನಗೆ ಕಷ್ಟವೇನಲ್ಲ. ಎರಡು ದೂತಾವಾಸಗಳ ಮನೆಗಳಿಗೂ ವಾರಕ್ಕೆರಡು ಸಲ ಹೂ ಕೊಡುತ್ತಿದ್ದವಳು ನಾನೇ. ಒಂದೇ ಗಿಡದ ಚೆಂಡುಹೂವು ಎರಡು ಮೇಜುಗಳ ಮೇಲೂ ಎದುರುಬದುರಾಗಿ ಅರಳುತ್ತಿತ್ತು. ಶನಿವಾರ ಮೊದಲು ಅಮೆರಿಕದವನ ಮನೆಗೆ ಹೋದೆ. ಅವನ ಹೆಸರು ಹ್ಯಾರಿಗನ್. ನಾವು ಉದ್ದಣ್ಣ ಎನ್ನುತ್ತಿದ್ದೆವು. ಬಾಗಿಲು ದಾಟುವಾಗೆಲ್ಲ ತಲೆ ಚಚ್ಚಿಕೊಂಡು, ಬಾಗಿಲಿಗೇ ಕ್ಷಮೆ ಕೇಳುವ ಒಳ್ಳೆಯ ಮನುಷ್ಯ.

"ಎರಡು ಗೋಪುರ ಆಗಿದ್ದು ಒಳ್ಳೇದೇ ಆಯ್ತು ಬಿಡಿ ಸಾಹೇಬ್ರೆ," ಎಂದೆ ಹೂದಾನಿಯ ನೀರು ಬದಲಾಯಿಸುತ್ತ. "ರಷ್ಯಾದೋರ ಮನೇಲಿ ಮಾತಾಡ್ಕೋತಿದ್ರು. ಪಾಪ, ಆ ಅಮೆರಿಕದೋನಿಗೆ ನೆಲದ ಮೇಲೆ ಅಷ್ಟು ಹೊತ್ತು ಚಕ್ಕಳಮಕ್ಕಳ ಹಾಕಿ ಕೂರೋಕಾಗಲ್ಲ, ಬೇರೆ ಗೋಪುರ ಇದ್ರೆ ಬೇಗ ಎದ್ದು ಹೋಗಬಹುದು ಅಂತ."

ಉದ್ದಣ್ಣ ಚಹಾದ ಲೋಟ ಕೆಳಗಿಟ್ಟ. "ಹಾಗಂದ್ರಾ? ಅವರು ಎಷ್ಟು ಹೊತ್ತು ಕೂರ್ತಾರೋ ಅಷ್ಟು ಹೊತ್ತು ನಾನೂ ಕೂರ್ತೀನಿ. ಅದೇ ಗೋಪುರದ ಮುಂದೆ."

ಅಲ್ಲಿಂದ ನೇರ ರಷ್ಯಾದವನ ಮನೆಗೆ. ಅವನು ಗ್ರೆಬ್ನೆವ್, ನಮಗೆ ದಪ್ಪಣ್ಣ. ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತವನು, ಉಪ್ಪು ಕೇಳಿದರೂ ರಾಜಾಜ್ಞೆ ಓದಿದ ಹಾಗೆ ಕೇಳುತ್ತಿದ್ದ. ಅಮೆರಿಕದವರು ನಿಮ್ಮ ಮೇಲೆ ಕನಿಕರಪಟ್ಟು ನಿಮಗೊಂದು ಪ್ರತ್ಯೇಕ ಗೋಪುರ ಬಿಟ್ಟುಕೊಟ್ಟಿದ್ದಾರೆ ಎಂದೆ.

"ಕನಿಕರವೇ?" ಎಂದ ದಪ್ಪಣ್ಣ. "ಸೋವಿಯತ್ ಜನತೆಗೆ ಪ್ರತ್ಯೇಕ ಗೋಪುರದ ಅಗತ್ಯವಿಲ್ಲ. ಏಕಮಾತ್ರ ಗೋಪುರವು ಸ್ಥಾಪಿತವಾಗಲಿ."

ಸುಳ್ಳು ಹೇಳಿದೆನಲ್ಲ ಎಂದು ದಾರಿಯಲ್ಲಿ ಒಂಚೂರು ಅಳುಕಾಯಿತು. ಆಮೇಲೆ ಯೋಚಿಸಿದೆ. ದೊಡ್ಡವರ ನಡುವೆ ಬದುಕುವ ಚಿಕ್ಕವರು ಇನ್ನೇನು ಮಾಡಲು ಸಾಧ್ಯ? ನಮ್ಮ ಮಂತ್ರಿಗಳು ವರ್ಷಗಟ್ಟಲೆ ಮಾಡುತ್ತಿದ್ದುದೂ ಇದನ್ನೇ. ಅವರು ಸೂಟು ಹಾಕಿಕೊಂಡು ಮಾಡುತ್ತಿದ್ದರು, ನಾನು ಹೂಬುಟ್ಟಿ ಹಿಡಿದು ಮಾಡಿದೆ.

ಸಂಜೆಯೊಳಗೆ ಎರಡೂ ಕಡೆಯಿಂದ ಅಣ್ಣನ ಕಚೇರಿಗೆ ಕಾಗದ ಬಂತು. ಭಾನುವಾರ ಅಮ್ಮನೂ ನಾನೂ ಬೆಳಗಿನಿಂದ ಕೂತು ಗೋಪುರ ಕಟ್ಟಿದೆವು. ಅಷ್ಟು ಎತ್ತರದ್ದನ್ನು ನಾನು ಹಿಂದೆಂದೂ ಕಟ್ಟಿರಲಿಲ್ಲ. ಗೆದ್ದೇಬಿಟ್ಟೆ ಎಂದುಕೊಂಡು ಒಳಗೊಳಗೇ ಬೀಗುತ್ತಿದ್ದೆ.

ಸೋಮವಾರ ಬೆಳಗ್ಗೆ ಆಸ್ಪತ್ರೆಯ ದೊಡ್ಡ ಕೋಣೆಯಲ್ಲಿ ಚಾಪೆ ಹಾಸಿ, ನಡುವೆ ಹೂಗೋಪುರ ಇಟ್ಟೆವು. ಸುತ್ತ ಬೇಯಿಸಿದ ಕೋಳಿ, ಮೊಟ್ಟೆ, ಅಕ್ಕಿಯ ಸಾರಾಯಿ. ಉದ್ದಣ್ಣ, ದಪ್ಪಣ್ಣ ಅಕ್ಕಪಕ್ಕದಲ್ಲಿ ಕಾಲು ಮಡಚಿ ಕೂತರು. ಒಬ್ಬನ ಮೊಣಕಾಲು ಇನ್ನೊಬ್ಬನ ತೊಡೆಯ ಮೇಲೇ ಬಂದಿತ್ತು. ಉದ್ದಣ್ಣನ ಹಿಂದೆ ಅಣ್ಣ, ದಪ್ಪಣ್ಣನ ಹಿಂದೆ ತಮ್ಮ. ಒಬ್ಬ ಬಲಗೋಡೆ ನೋಡುತ್ತಿದ್ದ, ಇನ್ನೊಬ್ಬ ಎಡಗೋಡೆ.

ಪ್ರಾಣಗಳನ್ನು ಕರೆಯುವವನು ಪಾನ್ ತಾತ. ಹಿಂದೆ ಭಿಕ್ಷುವಾಗಿದ್ದವನು, ಗಂಟಲು ಕಂಚಿನದು. ಮಂತ್ರ ಶುರುಮಾಡುವ ಮೊದಲು, "ಹೂವು ಮುಟ್ಟೋಕೆ ಕೈಗೆಟುಕದೋರು ಮುಂದಿನೋರ ಮೊಣಕೈ ಹಿಡ್ಕೊಳ್ಳಿ. ಪಕ್ಕದೋರ್ದೂ ಹಿಡ್ಕೊಳ್ಳಿ, ಸಂಕೋಚ ಬೇಡ," ಎಂದ. ನಮ್ಮಲ್ಲಿ ಹಾರೈಕೆ ಹರಿದು ಬರುವುದು ಹಾಗೆಯೇ, ಕೈಯಿಂದ ಮೊಣಕೈಗೆ. ದಪ್ಪಣ್ಣ ಸ್ವಲ್ಪ ಯೋಚಿಸಿ ಉದ್ದಣ್ಣನ ಮೊಣಕೈ ಹಿಡಿದ. ಉದ್ದಣ್ಣನ ಇನ್ನೊಂದು ಮೊಣಕೈಯನ್ನು ಅಣ್ಣ ಹಿಡಿದ. ದಪ್ಪಣ್ಣನದನ್ನು ತಮ್ಮ ಹಿಡಿದ. ಹೀಗೆ ನನ್ನ ಒಡಹುಟ್ಟಿದವರಿಬ್ಬರೂ ಮೂರು ವರ್ಷದ ಮೇಲೆ ಒಂದು ಸಾಲಿಗೆ ಬಂದರು, ಆದರೆ ನಡುವೆ ಎರಡು ಮಹಾಶಕ್ತಿಗಳಿದ್ದವು.

"ಬಾರೋ ಪ್ರಾಣವೇ ಬಾ," ಎಂದು ಪಾನ್ ತಾತ ಹಾಡಿದ. "ಕಾಡಿನಲ್ಲಿದ್ದರೂ ಬಾ, ಮೆಕಾಂಗಿನ ಮಡುವಿನಲ್ಲಿದ್ದರೂ ಬಾ, ಸೇನೆಯ ಡೇರೆಯಲ್ಲಿದ್ದರೂ ಬಾ." ದೊಡ್ಡ ಜನ ಬಂದಿದ್ದಾರೆಂದು ಮುದುಕ ಯಾವ ಸಾಲನ್ನೂ ಬಿಡದೆ ಮುಕ್ಕಾಲು ಗಂಟೆ ಹಾಡಿದ. ಮುಗಿಯುವ ಹೊತ್ತಿಗೆ ಉದ್ದಣ್ಣನ ಮುಖ ಕೆಂಪಾಗಿತ್ತು, ದಪ್ಪಣ್ಣನ ಮುಖ ಬಿಳುಚಿಕೊಂಡಿತ್ತು. ಇಬ್ಬರಲ್ಲಿ ಒಬ್ಬನೂ ಅಲುಗಲಿಲ್ಲ. ಅಮ್ಮ ಊರಿನ ಹಿರಿಯಳಾಗಿ ಇಬ್ಬರಿಗೂ ನೂಲು ಕಟ್ಟಿದಳು. ಏಳಲು ಹೋದರೆ ಇಬ್ಬರ ಕಾಲೂ ಜೋಮು ಹಿಡಿದಿತ್ತು. ಒಬ್ಬರ ಹೆಗಲು ಒಬ್ಬರು ಹಿಡಿದು ಎದ್ದು, ನಗುತ್ತ, ಸಾರಾಯಿಯ ಕಡೆ ಕುಂಟಿಕೊಂಡು ಹೋದರು.

ಮುಂದಿನ ಸಾಲು ಖಾಲಿಯಾಯಿತು. ಅಮ್ಮ ಆ ಜಾಗ ತಟ್ಟಿ, "ಬನ್ರೋ," ಎಂದಳು.

ಅಣ್ಣ ಕದಲಲಿಲ್ಲ, ತಮ್ಮನೂ ಕದಲಲಿಲ್ಲ. ನಾನು ಏನೇನೋ ಲೆಕ್ಕ ಹಾಕಿದ್ದೆ, ಇದನ್ನು ಮಾತ್ರ ಹಾಕಿರಲಿಲ್ಲ. ಹೊರಗಿನವರನ್ನು ಒಂದೆಡೆ ಕೂರಿಸುವುದು ಹೂವೆತ್ತಿದಷ್ಟು ಹಗುರಾಗಿತ್ತು. ನಮ್ಮವರೇ ಬಗ್ಗಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು.

"ನಾನು ಕೆಲಸದ ಮೇಲೆ ಬಂದಿದೀನಮ್ಮ," ಎಂದ ಅಣ್ಣ, ಬಾಗಿಲ ಕಡೆ ಯಾರಿದ್ದಾರೆಂದು ನೋಡುತ್ತ.

"ನಾನೂ ಕೆಲಸದ ಮೇಲೇ ಬಂದಿರೋದು," ಎಂದ ತಮ್ಮ.

"ನಾನೂ ಕೆಲಸದ ಮೇಲೇ ಬಂದಿದೀನಿ," ಎಂದಳು ಅಮ್ಮ. "ನಿಮ್ಮ ಕೆಲಸಕ್ಕೆ ಮೂರು ವರ್ಷ ಆಗಿದೆ. ನನ್ನ ಕೆಲಸಕ್ಕೆ ನಲವತ್ತೈದು. ಕೈ ಚಾಚಿ."

ಅದು ಬೈಗುಳದ ದನಿಯೂ ಆಗಿರಲಿಲ್ಲ, ಬೇಡಿಕೆಯ ದನಿಯೂ ಆಗಿರಲಿಲ್ಲ. ಊಟಕ್ಕೆ ಕೈತೊಳೆದು ಬನ್ನಿ ಎಂದ ಹಾಗಿತ್ತು. ಇಬ್ಬರೂ ಮೊಣಕಾಲಲ್ಲೇ ತೆವಳಿ ಮುಂದೆ ಬಂದರು. ಅಣ್ಣ ಎಡಗೈ ಚಾಚಿದ, ತಮ್ಮ ಬಲಗೈ. ಅಮ್ಮ ಗೋಪುರದಿಂದ ಒಂದು ಉದ್ದನೆಯ ನೂಲು ಎಳೆದು ಅಣ್ಣನ ಕೈಗೆ ಸುತ್ತಿದಳು. ಗಂಟು ಹಾಕಿದಳು. ಮಿಕ್ಕ ನೂಲನ್ನು ತುಂಡು ಮಾಡದೆ ಅದನ್ನೇ ತಮ್ಮನ ಕೈಗೂ ಸುತ್ತಿ ಗಂಟು ಹಾಕಿಬಿಟ್ಟಳು.

ಹೆಂಗಸರ ಗುಂಪಿನಲ್ಲಿ ಕಿಸಕ್ಕೆಂದು ನಗು ಎದ್ದಿತು. ಎರಡು ಕೈಗೆ ಒಂದೇ ನೂಲು ಕಟ್ಟುವುದು ನಮ್ಮಲ್ಲಿ ಮದುವೆಯ ಗಂಡುಹೆಣ್ಣಿಗೆ ಮಾತ್ರ. "ಹೆಣ್ಣು ಯಾವ್ದು, ಗಂಡು ಯಾವ್ದು?" ಎಂದಳೊಬ್ಬಳು. "ಮೀಸೆ ಇಲ್ದೋನೇ ಹೆಣ್ಣು," ಎಂದಳು ಇನ್ನೊಬ್ಬಳು. ಮೀಸೆ ಇಬ್ಬರಿಗೂ ಇರಲಿಲ್ಲ.

ಅಣ್ಣ ಕೈ ಬಿಡಿಸಿಕೊಳ್ಳಲು ನೋಡಿದ. ಅಷ್ಟರಲ್ಲಿ ಉದ್ದಣ್ಣ, ದಪ್ಪಣ್ಣ ಲೋಟ ಹಿಡಿದು ವಾಪಸು ಬಂದರು. ಇದೇನೆಂದು ದಪ್ಪಣ್ಣ ಕೇಳಿದ. ಉದ್ದಣ್ಣ ಬಹಳ ಬಲ್ಲವನ ಹಾಗೆ, ಇದು ಇಲ್ಲಿನ ಅತ್ಯಂತ ಹಳೆಯ ಪದ್ಧತಿ, ಸಹೋದರರಿಗೆ ಮಾಡುತ್ತಾರೆ ಎಂದ. ದಪ್ಪಣ್ಣ, ತಾನೂ ಇದನ್ನು ಪುಸ್ತಕದಲ್ಲಿ ಓದಿದ್ದೇನೆ ಎಂದ. ಇಬ್ಬರೂ ಗಂಭೀರವಾಗಿ ಬಗ್ಗಿ, ತಲಾ ಒಂದು ನೂಲನ್ನು ಆ ಜೋಡಿಕೈಗಳ ಮೇಲೆ ಸುತ್ತಿದರು. ಈಗ ಅದನ್ನು ಬಿಚ್ಚಿದರೆ ಎರಡು ದೇಶಗಳಿಗೆ ಅವಮಾನ. ಶಿಷ್ಟಾಚಾರವೇ ಉಸಿರಾಗಿದ್ದ ಅಣ್ಣ ಶಿಷ್ಟಾಚಾರದಲ್ಲೇ ಸಿಕ್ಕಿಹಾಕಿಕೊಂಡ.

ಊಟಕ್ಕೆ ಕೂರಿಸಿದೆವು. ಅಂಟಕ್ಕಿ ಅನ್ನದ ಬುಟ್ಟಿ ಇಬ್ಬರ ನಡುವೆ ಇಟ್ಟೆ. ತಮ್ಮನ ಉಣ್ಣುವ ಕೈ ಕಟ್ಟಿನಲ್ಲಿತ್ತು. ಮೂರು ವರ್ಷದ ಮೇಲೆ ಇಬ್ಬರ ನಡುವೆ ಮೊದಲ ಮಾತು ಹೊರಟಿತು.

"ಕೈ ಎಳೀಬೇಡ."

"ನೀನೇ ಎಳೀತಿರೋದು."

"ನೂಲು ಕಿತ್ತುಹೋದ್ರೆ ಅಮ್ಮ ಸಾಯಿಸ್ತಾಳೆ."

"ಹಂಗಾದ್ರೆ ನನ್ನ ಜೊತೆ ಎತ್ತು."

ಹೀಗೆ ತಮ್ಮ ತುತ್ತು ಎತ್ತಿದಾಗೆಲ್ಲ ಅಣ್ಣನ ಎಡಗೈಯೂ ಅವನ ಬಾಯಿಯತನಕ ಹೋಗಿ ಬರುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಅಣ್ಣನಿಗೆ ಬೇಸರ ಬಂದಿರಬೇಕು. ತನ್ನ ಬಿಡುವಿನ ಬಲಗೈಯಿಂದಲೇ ಅನ್ನ ಮುದ್ದೆ ಮಾಡಿ, ಮೆಣಸಿನಕಾಯಿಯ ಚಟ್ನಿಯಲ್ಲಿ ಅದ್ದಿ, ಅವನ ಬಾಯಿಗಿಟ್ಟ.

"ಖಾರ ಜಾಸ್ತಿಯಾಯ್ತು," ಎಂದ ತಮ್ಮ. ಅವನ ಕಣ್ಣಲ್ಲಿ ನೀರಿತ್ತು.

"ಬೆಟ್ಟದಲ್ಲಿ ಚಳಿ ಅಂತೆ. ಉಣ್ಣೆ ಬಟ್ಟೆ ಇದೆಯಾ?"

"ಕೊಡ್ತಾರೆ."

"ಅವರು ಕೊಡೋದು ಮಂಚದ ಅಳತೇಲೇ ಇರುತ್ತೆ. ನೋಡಿ ಇಸ್ಕೋ."

ತಮ್ಮ ನಕ್ಕ. ಅಮ್ಮ ದೂರದಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುವುದನ್ನೂ ಮರೆತು ನೋಡುತ್ತಿದ್ದಳು.

ಹನ್ನೆರಡಕ್ಕೆ ಕಾಂಪೌಂಡಿನಿಂದ ಜೀಪು ಬಂತು, ಕರೆದುಕೊಂಡು ಹೋಗಲು. ತಮ್ಮ ಅಮ್ಮನ ಪಾದಕ್ಕೆ ಹಣೆ ಹಚ್ಚಿದ. ನೂಲಿನ ಕಾರಣ ಅಣ್ಣನೂ ಜೊತೆಗೇ ಬಗ್ಗಬೇಕಾಯಿತು. ಅಮ್ಮ ಎರಡು ತಲೆಗಳ ಮೇಲೂ ಕೈಯಿಟ್ಟು, "ಹೋಗ್ಬನ್ನಿ," ಎಂದಳು, ಇಬ್ಬರೂ ಹೊರಟವರೇ ಎಂಬ ಹಾಗೆ.

ಜೀಪಿನಲ್ಲಿ ಅಣ್ಣ ಕೂರುವಂತಿಲ್ಲ. ಆದ್ದರಿಂದ ನಡೆದೇ ಹೊರಟರು. ಜೀಪು ಹಿಂದೆ ಮೆಲ್ಲಗೆ ತೆವಳಿಕೊಂಡು ಬಂತು. ಬಾಳೆಯೆಲೆಯಲ್ಲಿ ಕಟ್ಟಿದ ಕೋಳಿ, ಮೊಟ್ಟೆ ಹಿಡಿದು ನಾನೂ ಬೆನ್ನಿಗೆ ನಡೆದೆ. ಮಾರ್ಕೆಟ್ಟಿನ ಹೆಂಗಸರು ಬಿಡುತ್ತಾರೆಯೇ? "ಕಳ್ಳ ಯಾರು, ಪೊಲೀಸ್ ಯಾರು?" ಎಂದು ಕೂಗಿ ಕೇಳಿದರು. ಅಣ್ಣ ಕತ್ತು ಬಗ್ಗಿಸಿಕೊಂಡು ನಡೆದ.

ಗೇಟಿನ ಹತ್ತಿರ ನಿಂತರು. ಒಳಗಿನ ಸೈನಿಕ, ಹೊರಗಿನ ಪೊಲೀಸು, ಇಬ್ಬರೂ ಬೀಡಿ ಇಳಿಸಿ ಕೈಗಳನ್ನು ನೋಡಿದರು. ಅಣ್ಣ ಒಳಗೆ ಹೋಗುವ ಹಾಗಿಲ್ಲ, ತಮ್ಮ ಹೊರಗೆ ನಿಲ್ಲುವ ಹಾಗಿಲ್ಲ.

"ಮಧ್ಯದಲ್ಲಿ ತುಂಡು ಮಾಡೋಣ್ವಾ?" ಎಂದ ತಮ್ಮ.

"ಕತ್ತರಿಸಬಾರದು."

ಅಣ್ಣ ತನ್ನ ಮಣಿಕಟ್ಟಿನ ಗಂಟನ್ನು ಹಲ್ಲಿನಿಂದ ಕಚ್ಚಿ ಸಡಿಲ ಮಾಡಿದ. ಅಮ್ಮ ಕಟ್ಟಿದ್ದು, ಉದ್ದಣ್ಣ ಕಟ್ಟಿದ್ದು, ದಪ್ಪಣ್ಣ ಕಟ್ಟಿದ್ದು, ಒಂದೊಂದನ್ನೇ ಬಿಚ್ಚಿದ. ಮೂರು ದಿನವಲ್ಲ, ಮೂರು ಗಂಟೆಯೂ ಆಗಿರಲಿಲ್ಲ. ಅಪಶಕುನ ಎಂದರೆ ಹಲ್ಲಿ ಲೊಚಗುಟ್ಟಿದರೂ ಬೆಚ್ಚುವವನು ಅವನು. ಬಿಚ್ಚಿದ ನೂಲನ್ನೆಲ್ಲ ತಮ್ಮನ ಮಣಿಕಟ್ಟಿಗೆ ಸುತ್ತು ಮೇಲೆ ಸುತ್ತು ಸುತ್ತಿ, ಗಂಟು ಹಾಕಿ, ತುದಿಯನ್ನು ಅಂಗಿಯ ತೋಳಿನೊಳಗೆ ಸಿಕ್ಕಿಸಿದ.

"ಅಣ್ಣಾ, ನಿನ್ನ ಪಾಲು."

"ನಿನಗೆ ದೂರ ಹೋಗೋದಿದೆ. ನಾನು ಊರಲ್ಲೇ ಇರ್ತೀನಲ್ಲ, ನನ್ನ ಪ್ರಾಣಗಳು ಎಲ್ಲಿಗೆ ಹೋಗ್ತವೆ."

ತಮ್ಮ ನನ್ನ ಕೈಯಿಂದ ಬುತ್ತಿಯ ಗಂಟು ಇಸಕೊಂಡು ಒಳಗೆ ಹೋದ. ಗೇಟು ಹಾಕಿದರು.

ಅಣ್ಣನೂ ನಾನೂ ಮಾರ್ಕೆಟ್ಟಿನ ನಡುವೆಯೇ ಹಿಂದಿರುಗಿದೆವು. ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿದ್ದ ನಮ್ಮಣ್ಣ ಬಿಕ್ಕಿ ಬಿಕ್ಕಿ ಅಳುತ್ತಿದ್ದ, ಮುಖ ಒರೆಸಿಕೊಳ್ಳುತ್ತಲೂ ಇರಲಿಲ್ಲ. ತರಕಾರಿಯವರು, ಮೀನಿನವರು ತೂಗುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು.

"ಅಣ್ಣಾ, ಎಲ್ಲಾ ನೋಡ್ತಿದಾರೆ," ಎಂದೆ ಮೆಲ್ಲಗೆ.

"ನೋಡ್ಲಿ ಬಿಡು," ಎಂದ.